ಫೋನಿನೊಳಗಿನ ಎತ್ತುಗಳು

ನಿನ್ನ ಆಟಕ್ಕೆ ಖರ್ಚೆಷ್ಟು ಅಂತ ರುದ್ರೇಶನನ್ನು ಕೇಳಿದರೆ, ತಿಂಗಳ ರೀಚಾರ್ಜು ಅಷ್ಟೇ ಅನ್ನುತ್ತಿದ್ದ. ಅವನ ಹೆಂಡತಿ ಸುರೇಖಾಳ ಲೆಕ್ಕ ಇನ್ನೂ ಉದ್ದವಿತ್ತು. ಉಕ್ಕಿ ಹೋದ ಹಾಲು, ತಳ ಹತ್ತಿದ ಅನ್ನ, ತುಂಬಿ ಹರಿದು ಓಣಿಯನ್ನೆಲ್ಲ ರಾಡಿ ಮಾಡಿದ ನೀರಿನ ಟಾಕಿ, ತಂಗಿಯ ಮನೆಯ ಸೀಮಂತಕ್ಕೆ ಹೊರಟಾಗ ಬಸ್ಸು ತಪ್ಪಿ ಕೊಟ್ಟ ಆಟೋ ಬಾಡಿಗೆ. ಆ ಸೋಮವಾರ ಬೆಳಿಗ್ಗೆ ಈ ಲೆಕ್ಕಕ್ಕೆ ಹೊಸದೊಂದು ಸೇರಿತು. ಕರುವನ್ನು ಹಿಡಿದು ಕಟ್ಟಲು ಹೋದ ರುದ್ರೇಶ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು ಹಿಡಿದು ನಿಂತುಬಿಟ್ಟ. ಎಚ್ಚರವಾಗುವಷ್ಟರಲ್ಲಿ ಎಮ್ಮೆಯ ಕೆಚ್ಚಲು ಜೋತುಬಿದ್ದ ಕೈಚೀಲದಂತಾಗಿತ್ತು. ಕರು ತನ್ನ ಬಾಯಿಯ ನೊರೆಯನ್ನು ಅವನ ಲುಂಗಿಗೇ ಒರೆಸುತ್ತಿತ್ತು.

ಸುರೇಖಾ ಖಾಲಿ ಚರಿಗೆ ಹಿಡಿದು ಬಂದಳು. "ಚಾಕ್ಕ ಹಾಲು ಎಲ್ಲೈತ್ರಿ?"

"ಕರ ಕುಡದೈತಿ. ಅದಕ್ಕೂ ಹಸಿವಿ ಇರತೈತಲ್ಲ."

"ಅದು ಕುಡಿಯೂ ಮಟ ನೀವೇನ್ ಮಾಡಾಕತ್ತಿದ್ರಿ?"

"ಗೋಧಿ ಕೊಯ್ಯಾಕತ್ತಿದ್ದೆ."

ಸುರೇಖಾ ಸುತ್ತಲೂ ನೋಡಿದಳು. ಗೋಧಿಯೂ ಇರಲಿಲ್ಲ, ಕುಡುಗೋಲೂ ಇರಲಿಲ್ಲ.

ರುದ್ರೇಶನಿಗೆ ಕಾರಟಗಿಯ ಒಂದು ರೈಸ್ ಮಿಲ್ಲಿನ ಕಾಟಾದಲ್ಲಿ ಲಾರಿ ತೂಗುವ ಕೆಲಸ. ಅಂದು ಅಮಾವಾಸ್ಯೆ, ಮಿಲ್ಲಿಗೆ ಬೀಗ. ಅವನು ಆಡುತ್ತಿದ್ದದ್ದು ಹೊಲದ ಆಟ. ಫೋನಿನೊಳಗೆ ಒಂದು ಹೊಲ, ಒಂದು ಗೋದಾಮು, ಒಂದು ಚಕ್ಕಡಿ, ಎರಡು ಎತ್ತು. ಬಿತ್ತಬೇಕು, ನೀರು ಬಿಡಬೇಕು, ಕೊಯ್ದು ಗೋದಾಮಿಗೆ ಸಾಗಿಸಬೇಕು. ದೀಪಾವಳಿಯಿಂದ ಅವನು ಈ ಹೊಲಕ್ಕೆ ಜೀವ ತೇದಿದ್ದ. ಅಂದು ಸಂಜೆ ಐದರೊಳಗೆ ಬೆಳೆ ಗೋದಾಮು ಸೇರದಿದ್ದರೆ ಕೊಳೆತುಹೋಗುತ್ತಿತ್ತು, ಅದರ ಹಿಂದೆ ಹೊಲವೂ ಹೋಗುತ್ತಿತ್ತು.

ಸುರೇಖಾ ಕೂಗಾಡಲಿಲ್ಲ. ಫೋನು ಕಸಿದುಕೊಂಡಳು, ಸೆರಗು ಸಿಗಿಸಿದಳು, ಸೀದಾ ಹನುಮಪ್ಪನ ಗುಡಿಯ ಕಟ್ಟೆಗೆ ನಡೆದಳು. ಆ ಊರಲ್ಲಿ ತಕರಾರು ಯಾವುದರ ಮೇಲಿದ್ದರೂ, ಅದು ಆಡಾಗಲಿ ಕೊಡಲಿಯಾಗಲಿ, ತೀರ್ಮಾನ ಆಗುವ ತನಕ ಆ ವಸ್ತು ಹಿರಿಯರ ಕೈಯಲ್ಲಿರಬೇಕು. ಒಮ್ಮೆ ಒಂದು ಹುಂಜ ಹೀಗೇ ವಾರಗಟ್ಟಲೆ ಹಿರಿಯರ ಕೈಯಲ್ಲಿದ್ದು, ತೀರ್ಮಾನ ಆಗುವ ಮೊದಲೇ ಸಾರಾಗಿತ್ತು.

ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಹಾಗಾಗಿ ಎತ್ತುಗಳೆಲ್ಲ ಹಟ್ಟಿಯಲ್ಲಿ, ಒಡೆಯರೆಲ್ಲ ಕಟ್ಟೆಯ ಮೇಲೆ. ಸುರೇಖಾ ಫೋನನ್ನು ಊರ ಹಿರಿಯ ಗವಿಸಿದ್ದಪ್ಪಜ್ಜನ ತೊಡೆಯ ಮೇಲಿಟ್ಟಳು.

"ಅಜ್ಜಾರ, ಇದು ದುಡಿಯೂ ಮನಷ್ಯಾ ಆಡೂ ಆಟ ಹೌದೋ ಅಲ್ಲೋ ನೀವ ಹೇಳ್ರಿ. ಅಲ್ಲ ಅಂದ್ರ ಇವತ್ತ ಅಳಿಸಿ ಒಗಿಯೂದು, ಇವರಿಗೆ ಬಟನ್ ಫೋನ್ ಕೊಡ್ಸೂದು. ಹೌದು ಅಂದ್ರ ಇನ್ನ ಮ್ಯಾಲ ಇದರ ಸಲುವಾಗಿ ನಾ ಬಾಯಿ ತೆರಿಯಂಗಿಲ್ಲ. ರೊಟ್ಟಿ ಬಡಿಯೂದೈತಿ, ಬರ್ತೀನ್ರಿ."

ಹಿಂದೆಯೇ ಓಡಿ ಬಂದ ರುದ್ರೇಶ ಏದುಸಿರು ಬಿಡುತ್ತ ಕಟ್ಟೆಯ ಕೆಳಗೆ ನಿಂತ. "ಅಜ್ಜಾ, ಐದು ಗಂಟೆದೊಳಗ ಬೆಳಿ ಸಾಗಸಬೇಕ್ರಿ. ಈಗ ಕೊಡ್ರಿ, ಆಮ್ಯಾಲ ಬೇಕಾದ್ದು ತೀರ್ಮಾನ ಮಾಡ್ರಿ."

"ತಡಿಯೋ. ಹೊಲದ ತಕರಾರಂದ ಮ್ಯಾಗ ಮದಲ ಹೊಲ ನೋಡಬೇಕು. ತಗಿ."

ಕಟ್ಟೆಯ ಎದುರಿಗೇ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ ಮೆಹಬೂಬಸಾಬರು ತಮ್ಮ ಕನ್ನಡಕ ತಂದುಕೊಟ್ಟರು. ಅದು ಮೂಗಿನಿಂದ ಮೂಗಿಗೆ ಪ್ರಸಾದದಂತೆ ದಾಟಿತು.

ನೋಡಲು ಬಂದವರಲ್ಲಿ ಬಾಲಪ್ಪ, ಓಬಳೆಪ್ಪ ಇಬ್ಬರೂ ಇದ್ದರು. ಇವರ ಹೊಲಗಳಿಗೆ ಒಂದೇ ಬದು, ಕಾಲುವೆಯ ನೀರಿಗೆ ಒಂದೇ ತೂಬು. ಆ ತೂಬಿನ ಜಗಳದಿಂದ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ಒಬ್ಬ ಕಟ್ಟೆಯ ಈ ತುದಿಗೆ ಕೂತರೆ ಇನ್ನೊಬ್ಬ ಆ ತುದಿಗೆ. ಹೇಳುವುದೇನಾದರೂ ಇದ್ದರೆ ನಡುವೆ ಕೂತವರ ಮುಖಾಂತರ. ಆದರೆ ಫೋನು ಅಂಗೈಯಷ್ಟಗಲ. ಅದನ್ನು ನೋಡಬೇಕಾದರೆ ಆ ತುದಿಯವನೂ ಈ ತುದಿಯವನೂ ನಡುವಿಗೆ ಬರಲೇಬೇಕು. ಇಬ್ಬರೂ ಬಂದರು, ನಡುವೆ ಅಜ್ಜನನ್ನು ಗೋಡೆಯಾಗಿಟ್ಟುಕೊಂಡು.

"ನೀ ಇದನ್ನ ಯಾಕ ಆಡ್ತಿ, ಅದನ್ನ ಹೇಳು," ಅಂದ ಅಜ್ಜ.

ರುದ್ರೇಶ ನೆಲ ನೋಡಿದ. "ಅಜ್ಜಾ, ಕಾಟಾದಾಗ ದಿನಾ ಲಾರಿ ತೂಗತೀನಿ. ತೂಕ ಕಡಿಮಿ ಬಂದ್ರ ರೈತ ಬೈತಾನ, ಜಾಸ್ತಿ ಬಂದ್ರ ಮಾಲಕ ಬೈತಾನ. ಬರೋಬ್ಬರಿ ಬಂದ್ರ ಡ್ರೈವರ್ ಬೈತಾನ, ತಡಾ ಆತು ಅಂತ. ನಾ ಮಾಡಿದ್ದು ಛಲೋ ಆತು ಅನ್ನಾವ ಒಬ್ಬನೂ ಇಲ್ರಿ. ಇದರಾಗ ಒಂದು ಬೀಜ ಹಾಕಿದ್ರ ಮುಂಜಾನಿ ಮೊಳಕಿ ಬಂದಿರತೈತಿ. ಅದನ್ನ ನೋಡಿ ಕೆಲಸಕ್ಕ ಹೊಕ್ಕೀನಿ."

ಮಾತು ಅಲ್ಲಿಗೇ ಮುಗಿದಿದ್ದರೆ ರುದ್ರೇಶ ಆಗಲೇ ಗೆದ್ದುಬಿಡುತ್ತಿದ್ದ. ಆದರೆ ಅಜ್ಜನ ಕಣ್ಣು ಹೊಲ ಬಿಟ್ಟು ಮೂಲೆಗೆ ಸರಿದಿತ್ತು.

"ಈ ಎತ್ತು ಯಾಕ ಹಿಂಗ ಬಡಕಲಾಗ್ಯಾವ?"

"ಅವು ಇರೂದ ಹಂಗ್ರಿ."

"ಮೇವು ಯಾವಾಗ ಹಾಕಿದ್ದಿ?"

"ಮೇವು ಹಾಕಿದ್ರ ಆಟದಾಗ ಏನೂ ಸಿಗೂದಿಲ್ರಿ. ಅದಕ್ಕ ಹಾಕಿಲ್ಲ."

"ಯಾವತ್ತಿಂದ?"

"ದೀಪಾವಳಿಯಿಂದ."

ಅಜ್ಜ ಕನ್ನಡಕ ತೆಗೆದ. ಬಾಲಪ್ಪ ನಾಲಿಗೆ ಲೊಚಗುಟ್ಟಿದ. ಓಬಳೆಪ್ಪ ಎದ್ದು ಕಟ್ಟೆಯ ಕೆಳಗೆ ಎಲೆಯಡಿಕೆ ಉಗುಳಿ ಬಂದು ಕೂತ. ಊರಲ್ಲಿ ಕುಡಿದವನನ್ನು ಕ್ಷಮಿಸಿದ್ದುಂಟು, ಓಡಿಹೋದವನನ್ನು ಕರೆತಂದದ್ದುಂಟು. ದೀಪಾವಳಿಯಿಂದ ಎತ್ತಿಗೆ ಮೇವು ಹಾಕದವನನ್ನು ಏನು ಮಾಡಬೇಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

"ಮದಲ ಮೇವು ಹಾಕು," ಅಂದ ಅಜ್ಜ.

ರುದ್ರೇಶ ಒತ್ತಿದ. ಹುಲ್ಲಿನ ಪೆಂಡಿ ಬಿತ್ತು. ಎತ್ತೊಂದು ತಲೆ ಅಲ್ಲಾಡಿಸಿತು. ಅಷ್ಟೇ. ಕಟ್ಟೆಗೆಲ್ಲ ಸಮಾಧಾನವಾಯಿತು.

"ಇನ್ನ ಚಕ್ಕಡಿ ಹೂಡಲೇನ್ರಿ? ಹೊತ್ತಾಕತ್ತೈತಿ," ಅಂದ ರುದ್ರೇಶ.

"ಹೂಡ್ತಿ? ಇವತ್ತು ವಾರ ಯಾವುದು?"

"ಅಜ್ಜಾ, ಇವು ಚಿತ್ರದಾಗಿನ ಎತ್ತು."

"ಗುಡಿ ಗ್ವಾಡಿ ಮ್ಯಾಗಿನ ಬಸವಣ್ಣನೂ ಚಿತ್ರಾನ. ಅವನ ಹೆಗಲಿಗೆ ನೊಗ ಇಡ್ತಿಯೇನು?"

ರುದ್ರೇಶ ಮೆಹಬೂಬಸಾಬರ ಕಡೆ ನೋಡಿದ. ಅವರು, "ನನ್ನ ಕಡೆ ಯಾಕ ನೋಡ್ತಿಯೋ, ನಾನೂ ಸೋಮವಾರ ಟ್ರ್ಯಾಕ್ಟರಿಗೆ ಎಣ್ಣಿ ಅಷ್ಟ ಹಚ್ಚತೀನಿ," ಅಂದುಬಿಟ್ಟರು.

ಉಳಿದದ್ದು ಒಂದೇ ದಾರಿ. ಚಕ್ಕಡಿ ಇಲ್ಲದಿದ್ದರೆ ಕೊಯ್ದು ಕಟ್ಟಿದ್ದ ಗೋಧಿಯ ಸಿವುಡುಗಳನ್ನು ಒಂದೊಂದಾಗಿ ಬೆರಳಿನಿಂದ ಎಳೆದು ಗೋದಾಮಿಗೆ ಸೇರಿಸಬಹುದಿತ್ತು. ಹೊಲದ ತುಂಬ ಸಿವುಡು. ರುದ್ರೇಶ ಶುರು ಮಾಡಿದ. ಅಷ್ಟರಲ್ಲಿ ಫೋನು ಕುಂಯ್‌ಗುಟ್ಟಿತು. ಚಾರ್ಜು ಮುಗಿಯುತ್ತ ಬಂದಿತ್ತು. ಊರಲ್ಲೆಲ್ಲ ಕರೆಂಟು ಹೋಗಿತ್ತು. ಮೆಹಬೂಬಸಾಬರು ರಿಪೇರಿಗೆ ಬಂದಿದ್ದ ಟ್ರ್ಯಾಕ್ಟರನ್ನೇ ಕಟ್ಟೆಗೆ ತಂದು ಆನಿಸಿ, ಬ್ಯಾಟರಿಯಿಂದ ವೈರು ಎಳೆದು ಫೋನಿಗೆ ಸಿಗಿಸಿದರು. ಬ್ಯಾಟರಿ ಹಳೆಯದು, ಇಂಜಿನ್ ನಿಲ್ಲಿಸುವಂತಿರಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಮಾತಾಡಿದ್ದು ಒದರಿ ಒದರಿಯೇ. ಏನೋ ಅನಾಹುತವಾಗಿದೆ ಅಂದುಕೊಂಡು ಅರ್ಧ ಊರು ನೆರೆಯಿತು.

ರುದ್ರೇಶನ ಬೆರಳು ಸೋತಾಗ ಅಜ್ಜ ಹೇಳಿದ, "ಒಬ್ಬನ ಕೈಲೆ ಆಗೂದಲ್ಲ. ಮುಯ್ಯಾಳು ಮಾಡೂಣು. ಎಲ್ಲಾರೂ ಪಾಳಿ ಹಚ್ಚರಿ."

ಬಾಲಪ್ಪ ಮೊದಲು ಬೆರಳು ಚಾಚಿದ. ಎಪ್ಪತ್ತು ಚೀಲ ಭತ್ತ ಬೆಳೆಯುವ ಬೆರಳು, ಸಣ್ಣ ಬದನೆಕಾಯಿಯಷ್ಟು ದಪ್ಪ. ಸಿವುಡು ಒತ್ತಲು ಹೋಗಿ ಪಕ್ಕದ್ದೇನನ್ನೋ ಒತ್ತಿದ. ಹೊಲದ ಮೂಲೆಯಿಂದ ನೀಲಿ ನೀರು ನುಗ್ಗಿ ಬಂತು.

"ಕೊಯ್ದ ಬೆಳಿಗೆ ನೀರ್ ಬಿಟ್ಟಾನ ನೋಡ್ರಿ ಅಜ್ಜಾ," ಅಂದ ಓಬಳೆಪ್ಪ, ಅಜ್ಜನ ಕಿವಿಗೆ. "ಮಂದಿ ಹೊಲಕ್ಕ ನೀರ್ ಬಿಡೂದು ಅವಗ ಹೊಸಾದಲ್ಲ."

"ಅಜ್ಜಾ, ಅವಗ ಹೇಳ್ರಿ. ನಾ ಬಿಟ್ಟಿಲ್ಲ, ತಾನ ಬಂತು," ಅಂದ ಬಾಲಪ್ಪ.

"ಅವತ್ತೂ ಹಿಂಗ ಅಂದಿದ್ದ ಅಂತ ಹೇಳ್ರಿ ಅವಗ."

ಟ್ರ್ಯಾಕ್ಟರಿನ ಸದ್ದಿನಲ್ಲಿ ಅಜ್ಜನಿಗೆ ಇಬ್ಬರದೂ ಕೇಳಲಿಲ್ಲ. "ಏನಂತೀರೋ?" ಅಂತ ಕೈ ಕಿವಿಗೆ ಹಚ್ಚಿದ. ನೀರು ಒಂದು ಸಾಲು ದಾಟಿ ಎರಡನೆಯದಕ್ಕೆ ಬಂತು. ಗೋಧಿ ಸಿವುಡು ತೇಲತೊಡಗಿತು. ಬೆಳೆ ತೇಲುವುದನ್ನು ನೋಡಿಕೊಂಡು ಸುಮ್ಮನಿರಲು ಓಬಳೆಪ್ಪನಿಂದ ಆಗಲಿಲ್ಲ, ಅದು ಚಿತ್ರದ್ದೇ ಆಗಲಿ.

"ಏ ಬಾಲ್ಯಾ, ತೂಬು ಮುಚ್ಚೋ!"

"ಎಲ್ಲೈತೋ ತೂಬು?"

"ಮ್ಯಾಲ, ಎಡಕ್ಕ. ಅದಲ್ಲೋ. ಕೈ ತಗಿ, ನಾ ಮುಚ್ಚತೀನಿ."

ನೀರು ನಿಂತಿತು. ಹಿಂದೆಯೇ ಟ್ರ್ಯಾಕ್ಟರಿನ ಇಂಜಿನ್ನೂ ಒಮ್ಮೆ ಕೆಮ್ಮಿ ನಿಂತಿತು. ಆಗ ಬಿದ್ದ ಮೌನದಲ್ಲಿ ಇಬ್ಬರಿಗೂ ತಾವು ಮಾಡಿದ್ದೇನೆಂದು ತಿಳಿಯಿತು. ಬಾಲಪ್ಪ ರುಮಾಲು ಸರಿಮಾಡಿಕೊಂಡ. ಓಬಳೆಪ್ಪ ತನ್ನ ಬೆರಳನ್ನೇ ನೋಡಿಕೊಂಡ.

"ನೀ ಈ ಸಾಲು ಎಳಿ," ಅಂದ ಬಾಲಪ್ಪ ಕೊನೆಗೆ, "ನಾ ಆ ಸಾಲು ಎಳಿತೀನಿ. ಪಾಳಿ ತಪ್ಪಿಸಬ್ಯಾಡ ಮತ್ತ."

"ತಪ್ಪಿಸಾವ ನೀನು."

"ಆತು, ಎಳಿಯಲಾ."

ಅಜ್ಜ ಮೆಲ್ಲಗೆ ನಡುವಿನಿಂದ ಎದ್ದು ಪಕ್ಕಕ್ಕೆ ಕೂತ. ಯಾರೂ ಅದನ್ನು ಗಮನಿಸಲಿಲ್ಲ. ಮೆಹಬೂಬಸಾಬರು ಮತ್ತೆ ಇಂಜಿನ್ ಹಚ್ಚಿದರು. ಹೊತ್ತು ಇಳಿಯುತ್ತ ಬಂತು. ಚಾ ಬಂತು, ಆರಿತು, ಮತ್ತೆ ಬಂತು. ರುದ್ರೇಶ ಹಿಂದೆ ನಿಂತು, "ಕಾಕಾ, ನನಗೊಂದು ಸಾಲು," ಅಂತ ಎರಡು ಸಲ ಕೇಳಿದ. "ಹಿಂದ ಸರಿ, ಬೆಳಕಿಗೆ ಅಡ್ಡಾಗ್ತಿ," ಅಂತ ಎರಡು ಸಲವೂ ಬೈಸಿಕೊಂಡ. ಐದಕ್ಕೆ ಸ್ವಲ್ಪ ಮೊದಲು ಕೊನೆಯ ಸಿವುಡು ಗೋದಾಮು ಸೇರಿತು. ಫೋನು ಪೀಪಿ ಊದಿ ಹೂವು ಸುರಿಸಿತು. ಕಟ್ಟೆಯ ಮೇಲಿದ್ದವರು ಬೆವರೇ ಇಲ್ಲದ ಹಣೆಗಳನ್ನು ಒರೆಸಿಕೊಂಡರು.

ಗವಿಸಿದ್ದಪ್ಪಜ್ಜ ಗಂಟಲು ಸರಿಪಡಿಸಿಕೊಂಡ. ರುದ್ರೇಶ ಕೈಕಟ್ಟಿ ನಿಂತ.

"ಎಲ್ಲಾರೂ ಕೇಳ್ರಿ. ಆಟ ಛಲೋ ಐತಿ. ದುಡಿಯೂ ಮನಷ್ಯಾ ಆಡಬೇಕಾದ ಆಟಾನ. ಸುರೇಖಾ ಇನ್ನ ಇದರ ಸಲುವಾಗಿ ಬಾಯಿ ತೆರಿಯಂಗಿಲ್ಲ."

ರುದ್ರೇಶನ ಕಣ್ಣು ತುಂಬಿ ಬಂದವು. ಫೋನಿಗೆ ಕೈ ಚಾಚಿದ.

"ಇನ್ನೂ ಮುಗದಿಲ್ಲ," ಅಂದ ಅಜ್ಜ. "ಆಟ ಛಲೋ ಐತಿ, ಹೊಲಾನೂ ಛಲೋ ಐತಿ. ಹೊಲ ಮಾಡಾವ ಛಲೋ ಇಲ್ಲ. ಎತ್ತಿಗೆ ಮೇವಿಲ್ಲ, ಸೋಮವಾರದ ಖಬರಿಲ್ಲ. ತನ್ನ ಕೈಲೆ ಆಗದಾವ ಹೊಲ ಏನ್ ಮಾಡಬೇಕು? ಪಾಲಿಗೆ ಹಚ್ಚಬೇಕು. ಇವತ್ತಿಂದ ನಿನ್ನ ಹೊಲ ಬಾಲಪ್ಪ, ಓಬಳೆಪ್ಪ ಇಬ್ಬರೂ ಕೂಡಿ ಮಾಡ್ತಾರ. ಸುಗ್ಗಿ ಆದ ಮ್ಯಾಗ ಅರ್ಧ ಬೆಳಿ ನಿಂದು."

"ಅಜ್ಜಾ, ಅದು ಫೋನ್ ಒಳಗಿನ ಗೋಧಿರಿ."

"ಅದಕ್ಕ ಮನಿಗೆ ಹೊರೂ ತ್ರಾಸಿಲ್ಲ. ಪಾಲಿನ ಪದ್ಧತಿ ಗೊತ್ತೈತಲ್ಲ, ಬೀಜ ಗೊಬ್ಬರ ಮಾಲಕಂದು. ರೀಚಾರ್ಜ್ ನೀ ಹಾಕಸ್ಬೇಕು."

"ಮತ್ತ ನನಗ ಯಾರರ ಫೋನ್ ಮಾಡಿದ್ರ?"

"ಗುಡಿ ಮೈಕಿನ್ಯಾಗ ಕರೀತೀವಿ. ಹೋಗು."

ರುದ್ರೇಶ ತಿರುಗಿ ನೋಡಿದ. ಬಾಲಪ್ಪ, ಓಬಳೆಪ್ಪ ಭುಜಕ್ಕೆ ಭುಜ ಹಚ್ಚಿಕೊಂಡು, ಮುಂದಿನ ಬೆಳೆ ಯಾವುದು ಬಿತ್ತಬೇಕು ಅಂತ ಜಗಳ ಶುರು ಮಾಡಿದ್ದರು. ನಡುವೆ ಯಾರನ್ನೂ ಕೂರಿಸಿಕೊಂಡಿರಲಿಲ್ಲ.

ಮನೆಯ ಬಾಗಿಲಲ್ಲಿ ಸುರೇಖಾ ನಿಂತಿದ್ದಳು. "ಏನಾತ್ರಿ?"

"ಗೆದ್ದೆ."

"ಹಂಗಾರ ಫೋನ್ ಎಲ್ಲೈತ್ರಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು, ಗುಡಿಯ ಮೈಕು ಕರಕರ ಅಂದಿತು. "ರುದ್ರೇಶಾ, ನಿಮ್ಮ ಮಿಲ್ಲಿನ ಮಾಲಕರ ಫೋನ್ ಬಂದೈತಿ, ಲಗೂನ ಬಾ. ಬರೂವಾಗ ಚಾರ್ಜರ್ ಹಿಡಕೊಂಡು ಬಾ."

ಸುರೇಖಾ ಕಟ್ಟೆಯಲ್ಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ, ಬಾಯಿ ತೆರೆಯಲಿಲ್ಲ. ತುಟಿ ಬಿಗಿಹಿಡಿದು ಒಳಗೆ ಹೋಗಿ ಚಾರ್ಜರ್ ತಂದು ಅವನ ಕೈಯಲ್ಲಿಟ್ಟಳು. ಅವಳ ಭುಜಗಳು ಮಾತ್ರ ನಗೆಯಿಂದ ಕುಲುಕುತ್ತಿದ್ದವು.

ಆ ದಿನ ರುದ್ರೇಶ ತನ್ನ ಹೊಲ ಮತ್ತು ಫೋನು ಕಳೆದುಕೊಂಡ. ಬಾಲಪ್ಪ ಮತ್ತು ಓಬಳೆಪ್ಪ ಒಬ್ಬರಿಗೊಬ್ಬರು ಸಿಕ್ಕರು.