ಸ್ಪಾ ಹೊಕ್ಕ ಬಸವನಹುಳುಗಳು

"ಈ ಮೂರು ದಿನ ನಾನು ಯಾರಿಗೂ ಏನನ್ನೂ ಕೊಡಿಸೋದಿಲ್ಲ!" ಎಂದು ಸಿಫಿಸ್ ಎದೆ ತಟ್ಟಿಕೊಂಡು ಘೋಷಿಸಿದ.

ಕ್ರೀಟ್ ದ್ವೀಪದ ಗಂಡಸಿನ ಬಾಯಲ್ಲಿ ಇದು ಸಾಮಾನ್ಯ ಮಾತಲ್ಲ. ಅವನ ಊರಿನ ಕಾಫಿ ಅಂಗಡಿಗೆ ಯಾರಾದರೂ ಕಾಲಿಟ್ಟರೆ ಸಾಕು, ನಾಲ್ಕು ಮೂಲೆಯಿಂದ "ಅವನದು ನನ್ನ ಲೆಕ್ಕಕ್ಕೆ!" ಎಂಬ ಕೂಗು ಏಳುತ್ತದೆ. ಕೊಡಿಸುವ ಹಕ್ಕಿಗಾಗಿ ಒಡಹುಟ್ಟಿದವರೇ ಅಂಗಿ ಹಿಡಿದು ಜಗ್ಗಾಡಿದ್ದುಂಟು. ಅಂಥ ಊರಿನ ಸಿಫಿಸ್ ಈಗ ಭೀಷ್ಮಪ್ರತಿಜ್ಞೆ ಮಾಡಿದ್ದ!

"ಕಿರಿಚೋದಿಲ್ಲ, ಹಾಡೋದಿಲ್ಲ. ರಾಜನ ಹಾಗೆ ಇರ್ತೀನಿ, ನೋಡ್ತಿರು."

"ರಾಜ ಬೇಡ ಮಾರಾಯ, ಮನುಷ್ಯನ ಹಾಗೆ ಇದ್ರೆ ಸಾಕು," ಎಂದಳು ಹೆಂಡತಿ ರೊದಾಂತಿ.

ಪ್ರತಿಜ್ಞೆಗೆ ಕಾರಣ ಅರ್ಗಿರೊ. ಗಂಡಹೆಂಡತಿ ಸೇರಿ ಚರ್ಚಿನಲ್ಲಿ ಎತ್ತಿಹಿಡಿದು ಹೆಸರಿಡಿಸಿದ ಮಗು. ಈಗ ಸಮುದ್ರದ ದಂಡೆಯ ಭಾರೀ ಗಾಲ್ಫ್ ರೆಸಾರ್ಟಿನಲ್ಲಿ ಸ್ಪಾ ವಿಭಾಗಕ್ಕೆ ಮುಖ್ಯಸ್ಥೆ. ಇವರಿಬ್ಬರೂ ಅವಳಿಗೆ ನೊನೊ ಮತ್ತು ನೊನಾ, ಅಂದರೆ ಧರ್ಮದ ಅಪ್ಪ, ಅಮ್ಮ. "ಸೀಸನ್ ಮುಗೀತಾ ಬಂತು, ಒಂದು ರೂಮು ಖಾಲಿ ಇದೆ, ಬಂದುಬಿಡಿ. ನೊನಾ ಭುಜಕ್ಕೆ ನಮ್ಮಲ್ಲಿ ಮಾಲೀಶು ಮಾಡೋ ಮಲಾಮೊ ಕೈ ಬೀಳಲಿ. ಆದ್ರೆ ನೊನೊ, ನನ್ನ ಮಾನ ನಿನ್ನ ಕೈಲಿದೆ," ಎಂದು ಫೋನಿನಲ್ಲೇ ಅಂಗಲಾಚಿದ್ದಳು.

ಭುಜದ ಕತೆ ಹಳೆಯದು. ಮರದಿಂದ ಆಲಿವ್ ಕಾಯಿ ಬಡಿದು ಉದುರಿಸುವಾಗ ಏಣಿಯಿಂದ ಬಿದ್ದ ಮೇಲೆ ರೊದಾಂತಿಯ ಬಲಗೈ ಎದೆಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಅಡುಗೆಮನೆಯ ಮೇಲಿನ ಗೂಡಿನಲ್ಲಿದ್ದ ಅವಳ ಅಮ್ಮನ ಬಾಣಲೆ ಅಲ್ಲೇ ಧೂಳು ತಿನ್ನುತ್ತಿತ್ತು. ತಂತಿಗೆ ಬಟ್ಟೆ ಒಣಹಾಕಲೂ ಆಗದು. ಅದಕ್ಕೇ ಸಿಫಿಸ್ ಕೋಳಿ ಕೂಗುವ ಮುನ್ನವೇ ಕಳ್ಳಹೆಜ್ಜೆಯಲ್ಲಿ ಅಂಗಳಕ್ಕಿಳಿದು, ಹೆಂಡತಿಯ ಒಳಲಂಗಗಳನ್ನೆಲ್ಲ ನೀಟಾಗಿ ಒಣಹಾಕಿ ಬರುತ್ತಿದ್ದ. ಇಷ್ಟು ದಪ್ಪ ಮೀಸೆಯ ಗಂಡಸು ಲಂಗಕ್ಕೆ ಕ್ಲಿಪ್ಪು ಹಾಕುವುದು ಊರಿಗೆ ಗೊತ್ತಾದರೆ ಮೀಸೆ ಬೋಳಿಸಿಕೊಂಡು ದ್ವೀಪ ಬಿಡಬೇಕಾದೀತು!

ರೆಸಾರ್ಟಿನಲ್ಲಿ ಪ್ರತಿಜ್ಞೆ ಬಾಳಿದ್ದು ಕಾಫಿ ಬರುವವರೆಗೆ ಮಾತ್ರ. ಪಕ್ಕದ ಮೇಜಿನವನೊಬ್ಬ ನೋಡಿ ಮುಗುಳ್ನಕ್ಕ. ಸಿಫಿಸನ ಬಲಗೈ ತನ್ನಷ್ಟಕ್ಕೇ ಮೇಲೆದ್ದಿತು.

"ಅವರದ್ದು ನನ್ನ ಲೆಕ್ಕಕ್ಕೆ!"

"ಇಲ್ಲಿ ಎಲ್ಲರ ಊಟ-ಕಾಫಿಯ ದುಡ್ಡೂ ರೂಮಿನ ಬಾಡಿಗೆಯಲ್ಲೇ ಸೇರಿರುತ್ತೆ ಸಾರ್," ಎಂದು ಪರಿಚಾರಕ ಅವನ ಕೈಗೆ ಕಟ್ಟಿದ್ದ ಪಟ್ಟಿ ತೋರಿಸಿದ.

"ಅಂದ್ರೆ ನಾನು ಯಾರಿಗೂ ಕೊಡಿಸೋ ಹಾಗಿಲ್ವಾ?"

"ಆಗೋದೇ ಇಲ್ಲ ಸಾರ್."

ಸಿಫಿಸನಿಗೆ ಕೈಗೆ ಬೇಡಿ ಬಿದ್ದಂತಾಯಿತು. ಹೊರಗೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಹಚ್ಚಹಸಿರು ಹುಲ್ಲು, ಮೇಯಲು ಒಂದೇ ಒಂದು ಮೇಕೆಯೂ ಇಲ್ಲ. ಎಂಥ ಅನ್ಯಾಯದ ಜಾಗಕ್ಕೆ ಬಂದೆನಪ್ಪಾ ಎಂದುಕೊಂಡ.

ಆದರೆ ಮಲಾಮೊ ಕೈಯಲ್ಲಿ ಜಾದೂ ಇತ್ತು. ಬೆಟ್ಟದ ಕಡೆಯ ಗಟ್ಟಿಮುಟ್ಟಾದ ಹೆಂಗಸು. ಮೊದಲ ದಿನ ಎಣ್ಣೆ ಹಾಕಿ ತಿಕ್ಕಿದ್ದಕ್ಕೇ ರೊದಾಂತಿಯ ಕೈ ಗಲ್ಲದವರೆಗೆ ಬಂತು. ಎರಡನೆಯ ದಿನ ಅವಳೇ ತನ್ನ ಕಿವಿ ಮುಟ್ಟಿಕೊಂಡಳು! ಎಷ್ಟು ಡಾಕ್ಟರುಗಳು, ಎಷ್ಟು ಹರಕೆಯ ಮೇಣದಬತ್ತಿಗಳು! ಸಂತರೆಲ್ಲ ಕೈಚೆಲ್ಲಿದ ಭುಜ ಇದು. ಇಂಥ ಉಪಕಾರಕ್ಕೆ ಏನೂ ಕೊಡದೆ ಊರಿಗೆ ಹೋದರೆ ಅವನು ಕ್ರೀಟಿನವನೇ ಅಲ್ಲ.

"ಏನಾದ್ರೂ ತಗೋ ತಾಯಿ, ನಿನ್ನ ದಮ್ಮಯ್ಯ," ಎಂದು ಬಾಗಿಲಲ್ಲಿ ಅಡ್ಡನಿಂತ.

"ಇಲ್ಲಿ ಏನೂ ತಗೊಳ್ಳೋ ಹಾಗಿಲ್ಲ ಸಿಫಿಸ್ ಮಾಮ. ನಿಯಮ ಅಂದ್ರೆ ನಿಯಮ."

"ತಿನ್ನೋದಕ್ಕಾದ್ರೂ? ಏನು ಆಸೆ ಹೇಳು."

ಮಲಾಮೊ ಕಿಟಕಿಯಾಚೆ ನೋಡಿದಳು. ಮೋಡ ಕಟ್ಟುತ್ತಿತ್ತು. "ಮೊದಲ ಮಳೆಯ ಬಸವನಹುಳು, ರೋಸ್‌ಮರಿ ಹಾಕಿ ಹುರಿದು, ಮೇಲಿಂದ ಚೂರು ವಿನೆಗರ್... ಅಮ್ಮ ಹೋದ್ಮೇಲೆ ತಿಂದಿಲ್ಲ ಮಾಮ," ಎಂದು ನಿಟ್ಟುಸಿರಿಟ್ಟಳು.

ಅದೇ ರಾತ್ರಿ ಮಳೆ ಬಿತ್ತು. ದೇವರೇ ಸಿಫಿಸನ ಪರವಾಗಿ ಕೊಡಿಸಿದ ಮಳೆ!

ಬೆಳಕು ಹರಿಯುವ ಮುಂಚೆಯೇ ಅವನು ಹೋಟೆಲಿನ ಬಿಳಿ ನಿಲುವಂಗಿ ತೊಟ್ಟು, ದಿಂಬಿನ ಚೀಲ ಹಿಡಿದು ಗಾಲ್ಫ್ ಮೈದಾನಕ್ಕೆ ನುಗ್ಗಿದ. ಅಬ್ಬಬ್ಬಾ, ಎಂಥ ಸಂಪತ್ತು! ಪೊದೆಪೊದೆಯಲ್ಲಿ ಬಸವನಹುಳು. ಗುಂಡಗೆ, ದಪ್ಪಗೆ, ಕೊಂಬು ಚಾಚಿಕೊಂಡು ಅವನಿಗೇ ಕಾದಿದ್ದವು. ಹೆಕ್ಕುತ್ತಾ ಹೆಕ್ಕುತ್ತಾ ಬೆಳಕು ಹರಿಯಿತು; ಹುಲ್ಲಿನ ಮೇಲೆ ಒಂದು ಬಿಳಿ ಚೆಂಡೂ ಸಿಕ್ಕಿತು. ಯಾರೋ ಪಾಪ ಕಳೆದುಕೊಂಡಿದ್ದಾರೆ ಎಂದು ದೂರದಲ್ಲಿ ಕೋಲು ಹಿಡಿದು ನಿಂತಿದ್ದ ಡಚ್ಚನ ಬಳಿಗೆ ಏದುಸಿರು ಬಿಡುತ್ತಾ ಓಡಿ, ಅದನ್ನು ಅಂಗೈಯಲ್ಲಿಟ್ಟ. ಅದು ಅವನೇ ಹೊಡೆದ ಚೆಂಡು, ಕುಳಿಗೆ ಬೀಳಲು ಗೇಣಷ್ಟೇ ಬಾಕಿಯಿತ್ತಂತೆ! ಡಚ್ಚ ಕೈಕಾಲು ಬಡಿಯುತ್ತಾ ಏನೇನೋ ಕೂಗಾಡಿದ. "ಅಯ್ಯೋ, ಅಷ್ಟೆಲ್ಲ ಥ್ಯಾಂಕ್ಸ್ ಯಾಕಪ್ಪಾ!" ಎಂದು ಸಿಫಿಸ್ ಅವನ ಬೆನ್ನು ತಟ್ಟಿ ಬಂದ.

ಬಸವನಹುಳುಗಳನ್ನು ಹೊಟ್ಟೆ ಶುದ್ಧವಾಗುವವರೆಗೆ ಕೆಲವು ದಿನ ಕಟ್ಟಿಡಬೇಕು. ರೂಮಿನಲ್ಲಿಟ್ಟರೆ ರೊದಾಂತಿ ಇವನನ್ನೇ ಹುರಿದಾಳು! ಯೋಚಿಸಿ ಯೋಚಿಸಿ ಅವನು ಚೀಲದೊಳಗೆ ಬ್ರೆಡ್ಡಿನ ಪುಡಿ ಉದುರಿಸಿ, ನಿಲುವಂಗಿಯ ಸೊಂಟಪಟ್ಟಿಯಿಂದ ಬಾಯಿ ಬಿಗಿದು, ಸ್ಪಾದಲ್ಲಿ ಟವೆಲ್ಲುಗಳ ಹಿಂದೆ ಬಚ್ಚಿಟ್ಟ. ಮಧ್ಯಾಹ್ನ ಹೊರಡುವಾಗ ಎತ್ತಿಕೊಂಡರಾಯಿತು. ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿದ.

"ನಿನ್ನ ಸೊಂಟಪಟ್ಟಿ ಎಲ್ಲಿ?" ಎಂದಳು ರೊದಾಂತಿ ತಿಂಡಿಯ ಹೊತ್ತಿಗೆ.

"ಸೆಕೆ," ಎಂದ ಸಿಫಿಸ್, ನಿಲುವಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

ರೊದಾಂತಿ ಕೊನೆಯ ಸಲ ತಿಕ್ಕಿಸಿಕೊಳ್ಳಲು ಸ್ಪಾಗೆ ಹೋದಳು. ಅಷ್ಟರಲ್ಲಿ ಅಲ್ಲಿನ ಅಚ್ಚುಕಟ್ಟಿನ ಕೆಲಸದವಳೊಬ್ಬಳು ಟವೆಲ್ಲಿನ ನಡುವೆ ಸೊಂಟಪಟ್ಟಿ ಕಂಡು, ಚೀಲದೊಳಗೆ ಇಣುಕದೆಯೇ ಅದನ್ನು ಬಿಚ್ಚಿ ಒಗೆಯಲು ಹಾಕಿದ್ದಳು. ಬೆಚ್ಚಗಿನ ಹಬೆ, ಒದ್ದೆ ಗಾಳಿ. ಬಸವನಹುಳುಗಳಿಗೆ ಮತ್ತೊಮ್ಮೆ ಮಳೆಗಾಲ! ಇಡೀ ದಂಡು ದಂಡಯಾತ್ರೆಗೆ ಹೊರಟಿತು.

"ನೊನೊ!" ಎಂದು ಅರ್ಗಿರೊ ಓಡಿಬಂದಳು. ಮುಖ ಬಿಳುಚಿತ್ತು. "ಗೋಡೆ ಮೇಲೆ ಬಸವನಹುಳು. ದೀಪದ ಮೇಲೆ ಬಸವನಹುಳು. ಮುಖಕ್ಕೆ ಮಣ್ಣು ಮೆತ್ತಿಕೊಂಡು ಮಲಗಿದ್ದ ಜರ್ಮನ್ ಹೆಂಗಸಿನ ಹಣೆ ಮೇಲೆ ಎರಡು! ನಿಜ ಹೇಳು, ನಿಂದೇ ತಾನೇ?"

"ನಂದೇ ಅಂತ ಹೇಗೆ ಹೇಳ್ತೀ ಮಗಳೇ? ಬಸವನಹುಳುಗಳೆಲ್ಲ ಒಂದೇ ಥರ ಇರ್ತಾವಲ್ಲ..."

"ಬ್ರೆಡ್ಡಿನ ಪುಡಿ ಮೆತ್ತಿಕೊಂಡಿದ್ದಾವೆ, ನೊನೊ!"

ವಾದ ಅಲ್ಲಿಗೆ ಮುಗಿಯಿತು. ಸಿಫಿಸ್ ಒಂದು ಕೈಯಲ್ಲಿ ನಿಲುವಂಗಿ ಹಿಡಿದು, ಇನ್ನೊಂದು ಕೈಯಲ್ಲಿ ಹುಳು ಹೆಕ್ಕುತ್ತಾ ಸ್ಪಾದ ನುಣುಪುಗಲ್ಲಿನ ಮೇಲೆ ಅಂಬೆಗಾಲಿಡತೊಡಗಿದ. ಹಾಗೇ ಹೆಕ್ಕಿಕೊಂಡು ಕೊನೆಯ ಕೋಣೆಯ ಬಾಗಿಲು ನೂಕಿದ. ಒಳಗೆ ಮಲಾಮೊ ರೊದಾಂತಿಯ ಭುಜ ಒತ್ತುತ್ತಿದ್ದಳು.

"ಇನ್ನು ಒಂದು ಗೇಣು ರೊದಾಂತಿಯಮ್ಮ. ಭುಜದಲ್ಲಿ ಏನೂ ಉಳಿದಿಲ್ಲ. ಬಿದ್ದ ಹೆದರಿಕೆ ಅಷ್ಟೇ ಉಳಿದಿರೋದು."

"ಆಗಲ್ಲ ಕಣೆ. ಇಷ್ಟೇ," ಎಂದ ರೊದಾಂತಿ ಮೂಗಿನ ಮೇಲೆ ಏನೋ ತಣ್ಣಗಾಗಿ ಕಣ್ಣು ತೆರೆದಳು. ಎರಡು ಪುಟ್ಟ ಕೊಂಬುಗಳು ಅವಳನ್ನೇ ನೋಡುತ್ತಿದ್ದವು! ಅದರಾಚೆ, ನೆಲದಲ್ಲಿ, ಗಂಡ.

"ಸಿಫಿ...ಸ್!"

ಎದ್ದು ಕೂತಳು. ಬಗ್ಗಿ ಬಲಗೈಯಲ್ಲಿ ಹೋಟೆಲಿನ ಬಿಳಿ ಚಪ್ಪಲಿ ತೆಗೆದುಕೊಂಡಳು. ಎತ್ತಿದಳು. ಎದೆ ದಾಟಿತು, ಗಲ್ಲ ದಾಟಿತು, ಕಿವಿ ದಾಟಿತು. ಕೈ ನೆಟ್ಟಗೆ ಛಾವಣಿಗೆ ಹೋಗಿ ನಿಂತಿತು!

"ಹಾಗೇ ಹಿಡ್ಕೊಳ್ಳಿ!" ಎಂದು ಮಲಾಮೊ ಕೂಗಿದಳು. ಅರ್ಗಿರೊ ಬಾಗಿಲಲ್ಲೇ ನಿಂತು ಬಾಯಿ ಮುಚ್ಚಿಕೊಂಡಳು. ರೊದಾಂತಿ ತನ್ನ ಕೈಯನ್ನೇ ತಲೆಯೆತ್ತಿ ನೋಡಿದಳು; ಯಾರದೋ ಕೈ ನೋಡುವ ಹಾಗೆ.

ಸಿಫಿಸನ ಕಣ್ಣಿಂದ ನೀರು ದಳದಳ ಇಳಿಯಿತು. "ಹೊಡಿ ರೊದಾಂತಿ! ಹೊಡೆದು ಇನ್ನೊಂದು ಸಲ ಎತ್ತು! ದೇವರೇ, ನಿನಗೆ ಶರಣು!"

ಅವಳು ಹೊಡೆದಳು. ಹತ್ತಿಯ ಚಪ್ಪಲಿ, ನೋಯಲಿಲ್ಲ. ಇನ್ನೊಂದು ಸಲ ಎತ್ತಿದಳು. ಆಮೇಲೆ ಚಪ್ಪಲಿ ಬಿಸುಟು ಗಂಡನ ತಲೆಯನ್ನು ಎದೆಗೊತ್ತಿಕೊಂಡಳು. ಅರ್ಗಿರೊ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಅವಳ ಮಾನವೂ ಉಳಿಯಿತು. ಹಣೆಯ ಮೇಲಿನವು ಚಿಕಿತ್ಸೆಯ ಭಾಗವೆಂದೇ ತಿಳಿದಿದ್ದ ಜರ್ಮನ್ ಹೆಂಗಸು, ಇನ್ನೆರಡು ಸಿಗಬಹುದೇ ಎಂದು ಕೇಳಿದ್ದಳಂತೆ.

ಮುಂದಿನ ಭಾನುವಾರ ಮಲಾಮೊ ಊರಿಗೇ ಬಂದಳು. ಅವಳ ರಜೆಯ ದಿನ, ಯಾವ ನಿಯಮವೂ ಅಡ್ಡಬರಲಿಲ್ಲ. ರೊದಾಂತಿ ತಾನೇ ಕೈ ನೀಡಿ ಮೇಲಿನ ಗೂಡಿನಿಂದ ಅಮ್ಮನ ಬಾಣಲೆ ಇಳಿಸಿದಳು. ಬಸವನಹುಳುಗಳು ಚಟಪಟ ಸದ್ದು ಮಾಡಿದವು, ರೋಸ್‌ಮರಿ ಘಮ್ಮೆಂದಿತು. ಮೊದಲ ತುತ್ತಿಗೇ ಮಲಾಮೊ ಕಣ್ಣೊರೆಸಿಕೊಂಡಳು. ಕೊನೆಗೂ ಒಬ್ಬರಿಗೆ ಕೊಡಿಸಿದ ಸಂತೋಷಕ್ಕೆ ಸಿಫಿಸ್ ಮೀಸೆ ತಿರುವಿ ಹಾಡನ್ನೂ ಹಾಡಿದ.

ರಾಕಿ ಎಂಬ ಊರಿನ ಸಾರಾಯಿ ಏರಿದ ಧೈರ್ಯದಲ್ಲಿ ಹೆಂಡತಿಯ ಕಿವಿಯಲ್ಲಿ ಉಸುರಿದ: "ಇನ್ನು ಬಟ್ಟೆ ಒಣಹಾಕೋದು ನೀನೇ ಅಲ್ವಾ? ಊರಿಗೆ ಗೊತ್ತಾಗೋ ಮುಂಚೆ ಬಚಾವಾದೆ ಬಿಡು."

"ಗೊತ್ತಾಗೋ ಮುಂಚೆನಾ?" ರೊದಾಂತಿ ಬಾಣಲೆ ಕೆರೆಯುತ್ತಾ ಜೋರಾಗಿಯೇ ಹೇಳಿದಳು. "ನೀನು ಲಂಗ ಒಣಹಾಕೋ ಅಂದ ನೋಡೋಕೆ ಅಂತಲೇ ಎದುರಿನ ಕಾಫಿ ಅಂಗಡಿಯವನು ಅಷ್ಟು ಬೇಗ ಬಾಗಿಲು ತೆಗೀತಾನೆ. ಇಷ್ಟು ವರ್ಷದಿಂದ ಆ ಹೊತ್ತಿನ ಕಾಫಿಯೆಲ್ಲ ಊರವರು ನಿನ್ನ ಲೆಕ್ಕಕ್ಕೇ ಕುಡೀತಿದ್ದಾರೆ. ನಾಳೆನೂ ಹೋಗು, ಪಾಪ, ಕಾಯ್ತಿರ್ತಾರೆ!"