ಇಲ್ಪೊನ ಪೆಟ್ಟಿಗೆಯ ಸಿಳ್ಳೆ

ಎಲ್ಲಕ್ಕೂ ಮೂಲ ಔಲಿಸ್‌ನ ಎಡಗಿವಿಯೊಳಗೆ ಕಡಲೆಕಾಳಿನಂತೆ ಕುಳಿತಿದ್ದ ಶ್ರವಣಯಂತ್ರ. ಅದು ಅಲ್ಲಿರುವುದು ಡಾಕ್ಟರನ್ನು ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತು. ಲಾಹ್ತಿ ಊರಿನ ಹೆಡ್‌ಫೋನ್ ಬಳಗದಲ್ಲಿ ಯಾರ ಆಂಪ್ಲಿಫೈಯರಿನ ಸ್ವರ ಮೇಲೆಂದು ಹೇಳುವ ತೀರ್ಪುಗಾರ ಅವನೇ. ಕಿವಿಗೆ ಊರುಗೋಲು ಬಂದಿದೆಯೆಂದು ಯಾವ ಬಾಯಿಂದ ಹೇಳಿಯಾನು? ಹೆಂಡತಿ ಹೋದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರು ಉಳಿದಿದ್ದು ಈ ಬಳಗದಲ್ಲಿ ಮಾತ್ರ.

ನವೆಂಬರಿನ ಶನಿವಾರ. ಮಧ್ಯಾಹ್ನಕ್ಕೇ ಕತ್ತಲು. ಚರ್ಚಿನ ನೆಲಮಾಳಿಗೆಯಲ್ಲಿ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ನಾಲ್ವರು ಮೇಜಿನ ಸುತ್ತ ಕುಳಿತಿದ್ದರು. ಮೂರು ಚಳಿಗಾಲ ಸೌನಾದ, ಅಂದರೆ ಆವಿಸ್ನಾನದ ಮನೆಯ, ಪಕ್ಕದ ಕೋಣೆಯಲ್ಲಿ ಕೂತು ತಾನೇ ಕಟ್ಟಿದ ಆಂಪ್ಲಿಫೈಯರನ್ನು ಮುಂದಿಟ್ಟುಕೊಂಡು, ಹೆಣ್ಣು ತೋರಿಸಲು ಬಂದ ತಂದೆಯಂತೆ ಇಲ್ಪೊ ಬೆವರುತ್ತಿದ್ದ. ಪಕ್ಕದಲ್ಲಿ ಅಧ್ಯಕ್ಷ ಕ್ಯೋಸ್ತಿಯ ದುಬಾರಿ ಆಂಪ್ಲಿಫೈಯರು ಬೀಗನಂತೆ ಬಿಗಿದುಕೊಂಡಿತ್ತು.

ಅಧ್ಯಕ್ಷ ಮತ್ತು ತೀರ್ಪುಗಾರ ಒಟ್ಟಿಗೆ ಕೇಳುವುದು, ಉಳಿದವರು ಉಸಿರು ಬಿಗಿಹಿಡಿಯುವುದು ಬಳಗದ ಪದ್ಧತಿ. ಇಬ್ಬರೂ ಹೆಡ್‌ಫೋನ್ ಏರಿಸಿದರು.

ಕುಂಯ್ಯ್ಯ್...

ಸಿಳ್ಳೆ ತನ್ನ ಕಿವಿಯದೇ ಎಂದು ಔಲಿಸ್‌ಗೆ ಹೊಳೆಯಿತು. ಕಿವಿ ಮುಚ್ಚಿದರೆ ಯಂತ್ರ ಕೂಗುತ್ತದೆಂದು ಡಾಕ್ಟರು ಹೇಳಿದ್ದರು. ಇಬ್ಬರೂ ಹೆಡ್‌ಫೋನ್ ಕಿತ್ತರು. ಸಿಳ್ಳೆ ನಿಂತಿತು.

"ಏನಯ್ಯಾ ಇದು, ಆಂಪ್ಲಿಫೈಯರೋ ಚಹಾದ ಕೆಟಲೋ?" ಎಂದ ಕ್ಯೋಸ್ತಿ.

"ನಿಮ್ಮದರಲ್ಲೂ ಕೇಳಿ ನೋಡಿ," ಎಂದ ಇಲ್ಪೊ, ಮುಖ ಸಣ್ಣದು ಮಾಡಿಕೊಂಡು.

ಕ್ಯೋಸ್ತಿಯದೂ ಕೂಗಿತು. "ನೋಡು! ನಿನ್ನ ಪೆಟ್ಟಿಗೆಯ ಸಹವಾಸಕ್ಕೆ ನನ್ನದೂ ಕೆಟ್ಟುಹೋಯ್ತು!"

"ಚರ್ಚಿನ ಫ್ರಿಜ್ ಇರಬೇಕು ಕಣ್ರೋ," ಎಂದಳು ಬಳಗದ ನಾಲ್ಕನೆಯವಳಾದ ಸಿರ್ಕ್ಕ. ಫ್ರಿಜ್ಜಿನ ತಂತಿ ಕಿತ್ತಳು. ಇಬ್ಬರೂ ಮತ್ತೆ ಹೆಡ್‌ಫೋನ್ ಏರಿಸಿದರು. ಕುಂಯ್. ಆಮೇಲೆ ಫೋನುಗಳು ಆರಿದವು, ಹೀಟರು ಆರಿತು, ದೀಪಗಳೂ ಆರಿದವು. ಒಂದು ಮೇಣದ ಬತ್ತಿಯ ಸುತ್ತ, ಹೆಣ ಕಾಯುವವರಂತೆ ನಾಲ್ವರೂ ನಡುಗುತ್ತ ಕುಳಿತರು. ಕುಂಯ್.

"ಇನ್ನೇನು ಅನುಮಾನ? ನಿಂದೇ ಕಣಯ್ಯಾ," ಎಂದ ಕ್ಯೋಸ್ತಿ.

ಇಲ್ಪೊ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತತೊಡಗಿದ. "ಸೌನಾದ ಒಲೆಗೆ ಹಾಕ್ತೀನಿ. ಒಂದು ಸಾಯಂಕಾಲದ ಸೌದೆಯಾದರೂ ಆಗುತ್ತೆ."

ಔಲಿಸ್‌ಗೆ ತಡೆಯಲಾಗಲಿಲ್ಲ. "ಬಿಚ್ಚೋ ಕಂಬಳಿ. ಸಿಳ್ಳೆ ನಂದು." ಯಂತ್ರವನ್ನು ಕಿವಿಯಿಂದ ತೆಗೆದು ತೋರಿಸಿ, ಅದರ ಬ್ಯಾಟರಿ ಕಳಚಿ, ಎರಡನ್ನೂ ಜೇಬಿಗಿಳಿಸಿದ.

ಸಿರ್ಕ್ಕ ದೀಪ ಹಾಕಿ, ಅವನ ಭುಜ ತಟ್ಟಿ, ಮಗುವಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು: "ಕಾ...ಫಿ... ಬೇ...ಕಾ?"

"ಕೇಳಿಸುತ್ತೆ ಮಾರಾಯ್ತಿ. ಮಾತು ಕೇಳಿಸುತ್ತೆ. ಸಿಳ್ಳೆಯಂಥ ಸಣ್ಣ ಸ್ವರ ಮಾತ್ರ ಇಲ್ಲ."

"ಪಾಪ," ಎಂದ ಕ್ಯೋಸ್ತಿ. "ಇನ್ಮೇಲೆ ತೀರ್ಪು ನಾನೇ ಹೇಳ್ತೀನಿ ಬಿಡು. ನೀನು ಬರೋದು ಬಿಡಬೇಡ ಮತ್ತೆ, ಬನ್ ಹಂಚೋಕೆ ಒಬ್ಬರು ಬೇಕು." ಹೀಗೆಂದು ಇಲ್ಪೊನ ಪೆಟ್ಟಿಗೆಯ ಹೆಡ್‌ಫೋನನ್ನು ಒಬ್ಬನೇ ಏರಿಸಿದ.

ಔಲಿಸ್‌ಗೆ ಏನೂ ಕೇಳಿಸಲಿಲ್ಲ. ಆದರೆ ಹುಣಸೆಕಾಯಿ ಕಚ್ಚಿದಂತೆ ಸಿರ್ಕ್ಕಳ ಮುಖ ಹಿಂಡಿಕೊಂಡಿತು. ಇಲ್ಪೊ ಮತ್ತೆ ಕಂಬಳಿಗೆ ಕೈ ಹಾಕಿದ.

"ಆ ಯಂತ್ರ ಸರಿಯಾಗಿ ಆರಿಸಯ್ಯಾ!" ಕ್ಯೋಸ್ತಿ ಗದರಿದ. "ಜೇಬಲ್ಲಿದ್ದೂ ಕೂಗ್ತಿದೆ!"

ಔಲಿಸ್ ಜೇಬಿಗೆ ಕೈ ಹಾಕಿದ. ಯಂತ್ರ ಒಂದು ಮೂಲೆಯಲ್ಲಿ, ಬ್ಯಾಟರಿ ಇನ್ನೊಂದು ಮೂಲೆಯಲ್ಲಿ. ತಲೆಯೆತ್ತಿದಾಗ ಕ್ಯೋಸ್ತಿಯ ಬೆರಳು ಹೆಡ್‌ಫೋನಿನ ಅಡಿಗೆ ಮೆಲ್ಲಗೆ ನುಸುಳಿ, ಬಿಳಿಗೂದಲು ಮುಚ್ಚಿದ ಕಿವಿಯ ಹಿಂದೆ ಏನನ್ನೋ ಒತ್ತಿತು. ಸಿರ್ಕ್ಕಳ ಮುಖ ಸಡಿಲವಾಯಿತು.

"ಕ್ಯೋಸ್ತಿ, ನಿನ್ನ ಕಿವೀಲೂ..." ಎಂದ ಔಲಿಸ್.

ಕ್ಯೋಸ್ತಿ ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ, ಹೆಡ್‌ಫೋನ್ ಇಳಿಸಿ, ಕಿವುಡರು ಮಾತಾಡುವಷ್ಟು ಜೋರಾಗಿ ತೀರ್ಪಿತ್ತ: "ಎಂಥಾ ನಿಶ್ಶಬ್ದ! ಒಂದು ಗೀಚು ಇಲ್ಲ, ಒಂದು ಗೊರಕೆ ಇಲ್ಲ. ಇಂಥ ಆಂಪ್ಲಿಫೈಯರು ನಾನು ಜನ್ಮದಲ್ಲೇ ಕೇಳಿಲ್ಲ. ಇಲ್ಪೊ, ಗೆದ್ದೆ ಕಣೋ!"

ಇಲ್ಪೊ ಪೆಟ್ಟಿಗೆಯನ್ನು ಅವುಚಿಕೊಂಡು ಗಳಗಳನೆ ಅತ್ತ. ಔಲಿಸ್ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

"ಔಲಿಸ್, ಬನ್ನು ಹಂಚು!" ಸಿರ್ಕ್ಕ ಕರೆದಳು. ಪಾಪ, ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಮತ್ತೊಮ್ಮೆ ಕೂಗಿದಳು.

ಮೊದಲನೆಯದೇ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.