ಎಂದೂ ಏನೂ ಪತ್ತೆ ಹಚ್ಚದ ಮೂರನೇ ನಂಬರ್ ಬಾವಿಗೆ

ಮಾನ್ಯ ಮೂರನೇ ನಂಬರ್ ತಪಾಸಣೆ ಬಾವಿಯವರೇ,

ಪೆಟ್ರೋಲ್ ಬಂಕಿನ ಹಿಂದಿನ ಇಳಿಜಾರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವಳು ತಮ್ಮ ಕಬ್ಬಿಣದ ಮುಚ್ಚಳಕ್ಕೂ ಅದರ ಮೂರು ಬೋಲ್ಟುಗಳಿಗೂ ಕೈಮುಗಿದು ಮಾಡಿಕೊಳ್ಳುವ ಅರಿಕೆ ಇದು. ಬಾವಿ ಎಂದರೆ ಹಗ್ಗ, ರಾಟೆ, ಕೊಡ ಎಂದಷ್ಟೇ ತಿಳಿದಿದ್ದ ನನಗೆ, ಗೇಣಗಲವೂ ಇಲ್ಲದ ಒಂದು ಪೈಪು, ಕುಡಿಯುವುದಕ್ಕೂ ಒಗೆಯುವುದಕ್ಕೂ ಒದಗದೆ, ನೆಲದೊಳಗಿನ ನೀರಿಗೆ ಪೆಟ್ರೋಲ್ ಸೇರಿದೆಯೇ ಎಂದು ನೋಡುವುದೊಂದನ್ನೇ ಕಸುಬು ಮಾಡಿಕೊಂಡು ಬಾಳಬಹುದೆಂದು ತೋರಿಸಿಕೊಟ್ಟವರು ತಾವು.

ಮೂರು ತಿಂಗಳಿಗೊಮ್ಮೆ ತಮ್ಮ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಎರಡು ವರ್ಷದಲ್ಲಿ ಎಂಟು ಸಲವೂ ‘ಏನೂ ಪತ್ತೆಯಾಗಿಲ್ಲ’ ಎಂದೇ ವರದಿ ಬಂದಿದೆ. ಅಭಿನಂದನೆಗಳು. ತಾವಿರುವುದು ದಿಬ್ಬದ ತುದಿಯಲ್ಲಿ, ಆಫೀಸಿನ ಹೂಕುಂಡಗಳ ಪಕ್ಕ. ಪೆಟ್ರೋಲ್ ಟ್ಯಾಂಕುಗಳು ತಮಗಿಂತ ಕೆಳಗೆ, ನಾಲ್ಕನೇ ನಂಬರಿನ ತಪಾಸಣೆ ಬಾವಿ ಅದಕ್ಕೂ ಕೆಳಗೆ, ನಮ್ಮ ಮನೆಯ ಬಾವಿ ಅಲ್ಲಿಂದ ಇನ್ನೂ ನಲವತ್ತು ಹೆಜ್ಜೆ ಕೆಳಗೆ. ಸೋರಿದ ಪೆಟ್ರೋಲು ತಮ್ಮನ್ನು ಭೇಟಿಯಾಗಬೇಕಾದರೆ ಏಣಿ ಹಾಕಿಕೊಂಡೇ ಬರಬೇಕು. ಅಂಥ ಜಾಗ ಹಿಡಿದು ಕುಳಿತ ತಮ್ಮ ಜಾಣತನಕ್ಕೆ ನಾನು ಬೆರಗಾಗಿದ್ದೇನೆ.

ನಮ್ಮ ಬಾವಿಗೆ ಆ ಜಾಣತನವಿಲ್ಲ. ನೀರು ಸೇದಿದರೆ ಮೇಲೆ ಬಣ್ಣಬಣ್ಣದ ತೆಳು ಪೊರೆ, ಮೂಗಿಗೆ ಹೊಡೆಯುವ ವಾಸನೆ. ಒಗೆಯಲು ಕೊಟ್ಟಿದ್ದ ಅಂಗಿಗಳನ್ನು ಹೆಡ್‌ಮಾಸ್ಟರು ವಾಪಸ್ ತಂದು, “ಏನಮ್ಮಾ, ಇದನ್ನ ಹಾಕ್ಕೊಂಡು ಪಾಠ ಮಾಡ್ಲಾ, ಗಾಡಿ ಓಡಿಸ್ಲಾ?” ಎಂದು ಕೇಳಿದರು. ನಮ್ಮತ್ತೆಯಂತೂ ಕೊಡ ಕೆಳಗಿಟ್ಟು, “ಈ ನೀರಿಗೆ ಒಲೆ ಯಾಕೆ ಕಣೇ, ಕಡ್ಡಿ ಗೀರಿದ್ರೆ ತಾನಾಗೇ ಕುದಿಯುತ್ತೆ” ಎಂದರು. ನಕ್ಕೆವು, ನಿಜ. ಆದರೆ ಮಾರನೆಯ ದಿನದಿಂದ ಕುಡಿಯುವ ನೀರನ್ನೂ ಒಗೆಯುವ ನೀರನ್ನೂ ಎರಡು ಬೀದಿ ಆಚೆಯಿಂದ ಹೊತ್ತು ತರುತ್ತಿದ್ದೇವೆ. ಈ ಬಾವಿ ಹೋದರೆ ನಮ್ಮ ಕಸುಬೂ ಹೋಯಿತು, ಮನೆಯೂ ಹೋಯಿತು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ದೂರು ಕೊಟ್ಟಾಗ ಕಂಪನಿಯವರು ತಮ್ಮನ್ನೇ ಸಾಕ್ಷಿ ಕರೆದರು. ನಮ್ಮ ಬಾವಿ ಅವರ ಪಟ್ಟಿಯಲ್ಲಿಲ್ಲವಂತೆ. ಪಟ್ಟಿಯಲ್ಲಿರುವ ನಾಲ್ಕನೇ ನಂಬರಿನವರ ಮೇಲೆ ಸಿಮೆಂಟು ಬಳಿದು, ಚಕ್ರಕ್ಕೆ ಗಾಳಿ ತುಂಬುವ ಯಂತ್ರ ಕೂರಿಸಿಬಿಟ್ಟಿದ್ದಾರೆ. ಆದ್ದರಿಂದ ವರದಿಯಲ್ಲಿ ಅವರ ಹೆಸರಿನ ಮುಂದೆ ಎರಡು ವರ್ಷದಿಂದ ‘ಮೂರರಂತೆಯೇ’ ಎಂದು ಬರೆಯುತ್ತಿದ್ದಾರೆ. ಆಹಾ, ಒಬ್ಬರ ಆರೋಗ್ಯ ನೋಡಿ ಇನ್ನೊಬ್ಬರಿಗೆ ಸರ್ಟಿಫಿಕೇಟು!

ಆದಕಾರಣ ತಾವು ದಯಮಾಡಿ ಬುಡಸಮೇತ ಎದ್ದು, ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು, ಒಂದು ವಾರದ ಮಟ್ಟಿಗೆ ನಮ್ಮ ಅಂಗಳಕ್ಕೆ ಬಂದು ಇರಬೇಕೆಂದು ಕೋರುತ್ತೇನೆ. ಬರಲಾಗದಿದ್ದರೆ ಒಂದು ಮೂಗನ್ನಾದರೂ ಬೆಳೆಸಿಕೊಳ್ಳಿ. ಅದೂ ಕಷ್ಟವೆಂದಾದರೆ, ನೆಲದೊಳಗಿನ ನೀರಿಗೆ ಇನ್ನು ಮುಂದೆ ದಿಬ್ಬ ಹತ್ತಿಯೇ ಹರಿಯಬೇಕೆಂದು ತಮ್ಮ ಕಡೆಯಿಂದ ಒಂದು ಮಾತು ಹೇಳಿ.

ಇನ್ನು, ತಪ್ಪೊಪ್ಪಿಗೆ. ತಮ್ಮ ನೀರು ಹಿಡಿಯುವಾತ ಕೆಲಸ ಮುಗಿಸಿ ಕೈ ತೊಳೆಯಲು ನಮ್ಮ ಒಗೆಯುವ ಕಲ್ಲಿನ ಹತ್ತಿರ ಬರುವುದುಂಟು. ಪ್ರತಿ ಸಲ ಒಂದು ಅವಳಿ ಬಾಟಲಿಯೂ ಇರುತ್ತದೆ, ತಮ್ಮದೇ ನೀರನ್ನು ಅದಕ್ಕೂ ತುಂಬಿ, ಐದನೇ ನಂಬರ್ ಎಂದು ಸುಳ್ಳು ಹೆಸರು ಬರೆದು ಪ್ರಯೋಗಾಲಯದವರನ್ನೇ ಪರೀಕ್ಷಿಸುತ್ತಾರೆ, ಎರಡೂ ತಾಳೆಯಾಗದಿದ್ದರೆ ಎಲ್ಲ ಬಾವಿಗಳನ್ನೂ ತೆರೆದು ಮೊದಲಿನಿಂದ ನೋಡಬೇಕು ಎಂಬುದನ್ನೆಲ್ಲ ನನಗೆ ಹೇಳಿದವನು ಅವನೇ. ಕಳೆದ ಸಲ ಅವಳಿಯನ್ನು ತುಂಬುವ ಮೊದಲೇ ಅವನು ಐಸ್ ಪೆಟ್ಟಿಗೆ ಸಮೇತ ಕೈ ತೊಳೆಯಲು ಬಂದಿದ್ದಾಗ, ಮ್ಯಾನೇಜರು ನಿನ್ನ ಗಾಡಿ ಜರುಗಿಸು ಎಂದು ಕೂಗಿದರು. ಅವನು ಓಡಿದ, ಬಾಟಲಿ ಕಲ್ಲಿನ ಮೇಲೆ, ನನ್ನ ಬಕೆಟ್ಟು ಅದರ ಪಕ್ಕ. ಒಂದು ಗುಳ್ಳೆಯೂ ಬಾರದಂತೆ ಅಂಚಿನವರೆಗೆ ತುಂಬಿ, ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿಟ್ಟೆ. ತಿರುಗಿ ಬಂದವನು ಪೆಟ್ಟಿಗೆ ನೋಡಿ, “ಅಯ್ಯೋ ಅಕ್ಕಾ, ಬಿಸಿಲಿಗೆ ತಲೇನೇ ಓಡ್ತಿಲ್ಲ, ತುಂಬಿದ್ದೇ ಮರ್ತಿದ್ದೆ” ಎಂದು ಹೊರಟುಹೋದ.

ವರದಿ ಬಂತು. ಮೂರನೇ ನಂಬರಿನಲ್ಲಿ ಏನೂ ಇಲ್ಲ. ಅದರ ಅವಳಿಯಲ್ಲಿ ಪೆಟ್ರೋಲೋ ಪೆಟ್ರೋಲು. ಈಗ ಕಂಪನಿಯವರು ಆ ಬಡಪಾಯಿಯ ಮೇಲೆ ಹರಿಹಾಯ್ದು, ಇದು ಅವನ ಎಡವಟ್ಟು, ಫಲಿತಾಂಶ ಹರಿದುಹಾಕಿ ಎನ್ನುತ್ತಿದ್ದಾರಂತೆ. ಅದಕ್ಕೇ ಈ ಪತ್ರವನ್ನು ಬಂಕಿನ ಗೋಡೆಗೆ, ಎಲ್ಲರಿಗೂ ಕಾಣುವಂತೆ ಅಂಟಿಸುತ್ತಿದ್ದೇನೆ: ಅವನ ತಪ್ಪಿಲ್ಲ, ತುಂಬಿದವಳು ನಾನು, ನೀರು ನನ್ನ ಬಾವಿಯದು. ನಾಲ್ಕನೆಯವರ ಹೆಸರಿನಲ್ಲಿ ಎರಡು ವರ್ಷ ಮೂರನೆಯವರಾದ ತಮ್ಮ ನೀರನ್ನು ತೋರಿಸಿದ ಕಂಪನಿಯವರು, ತಮ್ಮ ಹೆಸರಿನಲ್ಲಿ ಒಂದು ದಿನ ನನ್ನ ನೀರು ಹೋದದ್ದಕ್ಕೆ ಇಷ್ಟು ಕೆಂಡವಾಗಬಾರದು. ನನ್ನದು ಮೋಸವೆಂದರೆ ಒಪ್ಪುತ್ತೇನೆ. ಕಂಪನಿಯವರನ್ನೂ ನನ್ನನ್ನೂ ಒಟ್ಟಿಗೇ ವಿಚಾರಿಸಲಿ.

ತಮ್ಮ ನಿರ್ಮಲ ಅಂತಃಕರಣಕ್ಕೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ಪಟ್ಟಿಯಲ್ಲಿಲ್ಲದ ಬಾವಿಯ ಒಡತಿ

ಆಮೇಲೆ ಸೇರಿಸಿದ ಮಾತು: ಪತ್ರ ಅಂಟಿಸಿ ಮೂರನೆಯ ದಿನ ಗಾಳಿ ಯಂತ್ರ ಎತ್ತಿ, ಸಿಮೆಂಟು ಒಡೆದು, ನಾಲ್ಕನೆಯವರ ಮುಚ್ಚಳ ತೆಗೆದರು. ಸುತ್ತ ನಿಂತವರೆಲ್ಲ ನಾಲ್ಕು ಹೆಜ್ಜೆ ಹಿಂದಕ್ಕೆ. ಮ್ಯಾನೇಜರು ಮೂಗು ಮುಚ್ಚಿಕೊಂಡು, ಒಗೆಯಲು ಕೊಟ್ಟಿದ್ದ ತಮ್ಮ ಕರವಸ್ತ್ರವನ್ನು ಬೇಗ ತರುವಂತೆ ನನಗೆ ಕೂಗಿ ಹೇಳಿದರು. ಓಡಿಹೋಗಿ ಕೊಟ್ಟೆ, ಮಡಿಕೆ ಮುರಿಯದ ಹಾಗೆ ಇಸ್ತ್ರಿ ಮಾಡಿದ್ದು. ಊರವರ ಬಟ್ಟೆಗಳನ್ನೆಲ್ಲ ಹೊತ್ತು ತಂದ ನೀರಿನಲ್ಲಿ ಒಗೆದಿದ್ದೆ. ಅವರದನ್ನು ಮಾತ್ರ ನಮ್ಮ ಬಾವಿಯ ನೀರಿನಲ್ಲಿ.